ಅವ್ವ ಕೇಳಿದ ಅಂಟು

ಗುರುವಾರ ಮಧ್ಯಾಹ್ನ 1 ಗಂಟೆ 20 ನಿಮಿಷ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೊಂದು ಕಲ್ಲುಬೆಂಚು, ಮೇಲೆ ಮರದ ನೆರಳು, ತೊಡೆಯ ಮೇಲೆ ಒಂದು ಬಾಟಲಿ ಮಜ್ಜಿಗೆ. ಕೈಯಲ್ಲಿ ನನ್ನ ಇಡೀ ಊಟ: ತೋರುಬೆರಳಿಗಿಂತ ಒಂಚೂರು ಉದ್ದ, ಎರಡು ಬೆರಳಿನಷ್ಟು ಅಗಲ, ತೂಕ 50 ಗ್ರಾಂ. ಹೊದಿಕೆ ಸುಲಿದೆ. ಹುರಿದ ಶೇಂಗಾದ ವಾಸನೆ ಮೊದಲು ಬಂತು, ಅದರ ಹಿಂದೆಯೇ ಖರ್ಜೂರದ್ದು. ನಲವತ್ತಾರು ವರ್ಷ ತಟ್ಟೆಯ ಮುಂದೆ ಕೂತು ಉಂಡವಳು ನಾನು. ಅಂಗೈಯೊಳಗೆ ಅಡಗಿಹೋಗುವ ಈ ತುಂಡು ಊಟವಾಗಲು ಹೇಗೆ ಸಾಧ್ಯ? ಸಂಜೆ ಮನೆ ಮುಟ್ಟುವಷ್ಟರಲ್ಲಿ ಇದೇ ತುಂಡು ನನ್ನನ್ನು ಗೋಕಾಕದ ನಮ್ಮ ಅಡುಗೆಮನೆಗೂ ಸುಡಾನಿನ ಮುಳ್ಳುಕಾಡಿಗೂ ಕರೆದೊಯ್ದು ತರುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ನನ್ನದು ಕರಡು ತಿದ್ದುವ ಕೆಲಸ. ಅನ್ನ, ಸಾರು, ಪಲ್ಯ, ಮೊಸರು ಉಂಡು ಬಂದು ಕೂತರೆ ಮೂರು ಗಂಟೆಯ ಹೊತ್ತಿಗೆ ಅಕ್ಷರಗಳು ತೇಲಾಡುತ್ತವೆ. ಒತ್ತಕ್ಷರ ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಓದುವ ಅಕ್ಕನ ಮಗಳು ದಸರೆಗೆ ಬಂದಿದ್ದಾಗ ಚೀಲದಿಂದ ಇದನ್ನು ತೆಗೆದು, "ಚಿಗವ್ವ, ಒಂದಿನ ಮಧ್ಯಾಹ್ನ ಇದನ್ನ ತಿಂದು ನೋಡ" ಎಂದು ಕೊಟ್ಟು ಹೋಗಿದ್ದಳು. ಡಬ್ಬಿಯಲ್ಲಿ ಮೂರು ವಾರ ಹಾಗೇ ಇತ್ತು. ಕೆಡಲಿಲ್ಲ, ಇರುವೆ ಮುತ್ತಲಿಲ್ಲ.

ಕಚ್ಚಿದೆ. ಚಿಕ್ಕಿಯಂತೆ ಪಟ್ಟನೆ ಮುರಿಯಲಿಲ್ಲ, ಉಂಡೆಯಂತೆ ಉದುರಲಿಲ್ಲ. ಹಲ್ಲಿಗೆ ಮೊದಲು ಒಂದಿಷ್ಟು ತಡೆ ಕೊಟ್ಟು ಆಮೇಲೆ ಬಗ್ಗಿತು, ಬಿಸಿಲಿಗಿಟ್ಟ ಹುಣಸೆ ತೊಕ್ಕಿನ ಹಾಗೆ. ಖರ್ಜೂರದ ಸಿಹಿ, ಬಾದಾಮಿ ಚೂರಿನ ಕಟಕಟ, ನಾಲಿಗೆ ಒತ್ತಿದ ಕೂಡಲೇ ಕರಗುವ ರಾಜಗಿರಿ ಅರಳು, ಕೊನೆಗೆ ತಳದಲ್ಲಿ ಹಾಲಿನಪುಡಿಯಂಥ ಒಂದು ರುಚಿ. ಗಡಿಬಿಡಿಯಿಲ್ಲದೆ ಅಗಿದೆ. ಅರ್ಧ ಮುಗಿಯುವಷ್ಟರಲ್ಲಿ ದವಡೆ ನಿಜಕ್ಕೂ ದಣಿದಿತ್ತು! ಸಾರನ್ನದ ಒಂದು ತುತ್ತನ್ನು ನಾನು ಎಷ್ಟು ಸಲ ಅಗಿಯುತ್ತೇನೆ? ನಾಲ್ಕೋ ಐದೋ. ಇಲ್ಲಿ ಇಪ್ಪತ್ತೈದು ದಾಟಿದರೂ ತುತ್ತು ಇನ್ನೂ ಬಾಯಲ್ಲೇ ಇತ್ತು.

ಅಷ್ಟರಲ್ಲಿ ಫೋನು. ದಿನಾ ಇದೇ ಹೊತ್ತಿಗೆ ಗೋಕಾಕದಿಂದ ಅವ್ವ ಮಾಡುತ್ತಾಳೆ.

"ಊಟ ಆತೇನವಾ?"

"ಆತಬೇ. ಇವತ್ತ ಒಂದ್ ಬಾರ್ ತಿನ್ನಾಕತ್ತೀನಿ."

"ಬಾರಂದ್ರ?"

"ಚಿಕ್ಕಿ ಇದ್ದಂಗ ಇರ್ತೈತಿ. ಒಂದ್ ತಿಂದ್ರ ಹೊಟ್ಟಿಗೆ ಸಾಕಂತ."

"ಅದರಾಗ ಏನೇನ್ ಹಾಕ್ಯಾರ?"

ಹೊದಿಕೆ ತಿರುಗಿಸಿ ಓದುತ್ತ ಹೋದೆ. ಖರ್ಜೂರ, ಶೇಂಗಾ, ಹಾಲಿನ ಪ್ರೋಟೀನು, ಬಾದಾಮಿ, ರಾಜಗಿರಿ ಅರಳು, ಜೇನು. ಅವ್ವ ಒಂದೊಂದಕ್ಕೂ ಹ್ಞೂಂಗುಟ್ಟಿದಳು. ಪಟ್ಟಿ ಮುಗಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು:

"ಅಂಟು ಹಾಕಿಲ್ಲೇನ?"

"ಇಲ್ಲಬೇ, ಅಂಟು ಇಲ್ಲ."

"ಅಂಟಿಲ್ದ ಹೆಂಗ ಹಿಡಕೊಂಡೈತದು?"

ಫೋನು ಇಟ್ಟೆ. ಆದರೆ ಆ ಪ್ರಶ್ನೆ ಇಡಲು ಬಿಡಲಿಲ್ಲ. ಹೌದಲ್ಲ! ಒಣಗಿದ ಕಾಳು, ಅರಳು, ಪುಡಿ, ಚೂರು. ಒಂದಕ್ಕೊಂದು ಸಂಬಂಧವಿಲ್ಲದ ಇಷ್ಟು ಪದಾರ್ಥಗಳು ಮೂರು ವಾರ ಡಬ್ಬಿಯಲ್ಲಿ ಬಿದ್ದಿದ್ದು, ಹೆಗಲಚೀಲದಲ್ಲಿ ಪುಸ್ತಕಗಳ ಅಡಿಗೆ ಸಿಕ್ಕಿ, ಕೆರೆ ಏರಿಯವರೆಗೆ ಬಂದರೂ ಅಂಚು ಮುರಿಯದೆ ಆಯತಾಕಾರದಲ್ಲೇ ಕೂತಿವೆ. ಯಾವುದರ ಹಿಡಿತ ಇದು?

ಆ ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿದ್ದೆ. ಮನೆಯವರಿಗೆ ಡಬ್ಬಿ ಕಟ್ಟುವಾಗ, ನಾನು ದಿನಾ ಉಣ್ಣುವಷ್ಟನ್ನೇ ತಕ್ಕಡಿಗಿಟ್ಟು ತೂಗಿದ್ದೆ: ಅನ್ನ 250 ಗ್ರಾಂ, ಸಾರು 150, ಹುರುಳಿಕಾಯಿ ಪಲ್ಯ 100, ಮೊಸರು 100. ಒಟ್ಟು 600 ಗ್ರಾಂ. ಬೆಂಚಿನ ಮೇಲೆ ಕೂತು ಕರಡಿನ ಅಂಚಿನಲ್ಲೇ ಲೆಕ್ಕ ಹಾಕಿದೆ. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ನೀರು. ತಿಳಿಸಾರು ಬಹುಪಾಲು ನೀರೇ. ಮೊಸರಿನಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ನೀರು. ಎಲ್ಲ ಕೂಡಿಸಿದರೆ ನನ್ನ 600 ಗ್ರಾಂ ಊಟದಲ್ಲಿ ಸುಮಾರು 475 ಗ್ರಾಂ ನೀರು! ಒಣ ಪದಾರ್ಥ 125 ಗ್ರಾಂ, ಶಕ್ತಿ ಸುಮಾರು 525 ಕಿಲೋಕ್ಯಾಲರಿ. ಬಾರಿನ ಹೊದಿಕೆಯ ಮೇಲೆ 215 ಕಿಲೋಕ್ಯಾಲರಿ, ಪ್ರೋಟೀನು 10 ಗ್ರಾಂ, ನಾರು 6 ಗ್ರಾಂ ಎಂದಿತ್ತು. ತೂಕದಲ್ಲಿ ಊಟದ ಹನ್ನೆರಡನೇ ಒಂದು ಪಾಲು, ಶಕ್ತಿಯಲ್ಲಿ ಐದನೇ ಎರಡು ಪಾಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದ ಪ್ರೋಟೀನು ಸುಮಾರು 46 ಗ್ರಾಂ. ಅದರ ಐದನೇ ಒಂದಕ್ಕೂ ಮೀರಿದಷ್ಟು ನನ್ನ ಮುಷ್ಟಿಯಲ್ಲಿತ್ತು. ಬಾರಿನೊಳಗೆ ಹೊಸ ಶಕ್ತಿ ಯಾವುದನ್ನೂ ತುಂಬಿರಲಿಲ್ಲ, ನೀರನ್ನು ತೆಗೆದಿದ್ದರು, ಅಷ್ಟೇ. ನಾನು ಇಷ್ಟು ವರ್ಷ ಮಧ್ಯಾಹ್ನಗಳಲ್ಲಿ ಉಂಡದ್ದು ಒಂದು ಪುಟ್ಟ ಕೆರೆಯನ್ನು!

ಸೋಜಿಗ ಇಲ್ಲಿಗೆ ಮುಗಿಯುವುದಿಲ್ಲ. ನೀರನ್ನು ಪೂರ್ತಿ ತೆಗೆದರೆ ಅದು ಹಪ್ಪಳವಾಗಿ ಪುಡಿಯಾಗಬೇಕಿತ್ತು, ಇದು ಮೆತ್ತಗಿದೆ. ಅಂದರೆ ಒಳಗೆ ಒಂದಿಷ್ಟು ನೀರು ಉಳಿದಿದೆ. ನೀರಿದ್ದೂ ಬೂಸ್ಟು ಬಂದಿಲ್ಲ. ಬೆಳಗಿನ ಅನ್ನ ರಾತ್ರಿಗೆ ಹಳಸುವ ನಮ್ಮ ಸೆಕೆಯಲ್ಲಿ ಇದು ಹೇಗೆ ತಿಂಗಳುಗಟ್ಟಲೆ ಉಳಿಯುತ್ತದೆ? ಆಹಾರ ವಿಜ್ಞಾನಿಗಳು ಇದಕ್ಕೆ ನೀರಿನ ಚಟುವಟಿಕೆ ಎಂಬ ಅಳತೆ ಇಟ್ಟುಕೊಂಡಿದ್ದಾರೆ. ಶುದ್ಧ ನೀರಿಗೆ 1. ಬೆಂದ ಅನ್ನ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಅಳತೆ 0.6ಕ್ಕಿಂತ ಕೆಳಗಿಳಿದರೆ ಯಾವ ಬ್ಯಾಕ್ಟೀರಿಯಾವಾಗಲಿ ಬೂಸ್ಟಾಗಲಿ ಬೆಳೆಯದು. ನೀರು ಎಷ್ಟಿದೆ ಎನ್ನುವುದಲ್ಲ, ಎಷ್ಟು ಬಿಡುವಾಗಿದೆ ಎನ್ನುವುದು ಮುಖ್ಯ. ಜೇನು, ಬೆಲ್ಲ, ಖರ್ಜೂರದ ಸಕ್ಕರೆಯ ಕಣಗಳು ನೀರಿನ ಕಣಗಳನ್ನು ಕೈಹಿಡಿದು ಕೂರಿಸಿಕೊಂಡಿರುತ್ತವೆ. ಸಂಬಳ ಬಂದ ದಿನವೇ ಸಾಲದ ಕಂತಿಗೆ ಹೋದ ದುಡ್ಡಿನಂತೆ: ಲೆಕ್ಕದಲ್ಲಿ ಇದೆ, ಖರ್ಚಿಗೆ ಸಿಗುವುದಿಲ್ಲ. ಸೂಕ್ಷ್ಮಜೀವಿ ನೀರಿನ ನಡುವೆಯೇ ಬಾಯಾರಿ ಕೂರುತ್ತದೆ.

ಇದನ್ನು ಓದಿ ತಿಳಿದದ್ದು ಎಂದುಕೊಂಡಿದ್ದೆ. ಅಲ್ಲ, ನಾನು ಕಣ್ಣಾರೆ ಕಂಡಿದ್ದೆ! ಬೆಲ್ಲದ ಪಾಕ ಕುದಿಯುವಾಗ ಅವ್ವ ಪಕ್ಕದಲ್ಲೊಂದು ಬಟ್ಟಲು ತಣ್ಣೀರು ಇಟ್ಟುಕೊಂಡು ಒಂದು ತೊಟ್ಟು ಪಾಕ ಬಿಡುತ್ತಿದ್ದಳು. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಿನಲ್ಲಿ ಮೆತ್ತನೆ ಉಂಡೆ ಕಟ್ಟಿದರೆ ಒಲೆ ಆರಿಸು. ಬಟ್ಟಲಿನ ತಳಕ್ಕೆ ತಾಗಿ ಟಣ್ ಎಂದರೆ ಅದು ಚಿಕ್ಕಿಗೆ. ನೀರು ಆವಿಯಾಗುತ್ತ ಹೋದಂತೆ ಪಾಕದ ಬಿಸಿ ಏರುತ್ತದೆ. ಮೆತ್ತನೆ ಉಂಡೆ ಕಟ್ಟುವ ಹದ ಸುಮಾರು 115 ಡಿಗ್ರಿ ಸೆಲ್ಸಿಯಸ್, ಟಣ್ ಎನ್ನುವ ಹದ 150ರ ಆಸುಪಾಸು. ಎಷ್ಟು ನೀರು ಹೋಗಬೇಕು, ಎಷ್ಟು ಉಳಿಯಬೇಕು ಎಂಬುದನ್ನು ಕಾರ್ಖಾನೆಯಲ್ಲಿ ಯಂತ್ರ ಅಳೆಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಒಂದು ಬಟ್ಟಲು ನೀರು ಮತ್ತು ಅವ್ವನ ಎರಡು ಬೆರಳು ಅಳೆಯುತ್ತಿದ್ದವು.

ನಾನು ಕೂತಿದ್ದ ಜಾಗವಾದರೂ ಎಂಥದು! ಕೆರೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಚೆಲುವಾಂಬ ವಿಲಾಸದ ಅರಮನೆ. ಅಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಬಾಗಿಲು ತೆರೆಯಿತು. ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವುದು ಅದನ್ನೇ. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಕೂಡಿಸಿ, ಜೀವಸತ್ವ ಬೆರೆಸಿ, ಬಡವರ ಮಕ್ಕಳ ಪ್ರೋಟೀನಿನ ಕೊರತೆ ನೀಗಿಸಲು ಬಹೂಪಯೋಗಿ ಆಹಾರ ಎಂಬ ಪುಡಿಯನ್ನು ಆ ಸಂಸ್ಥೆಯ ಮೊದಲ ದಶಕಗಳ ವಿಜ್ಞಾನಿಗಳು ತಯಾರಿಸಿದ್ದರು. ಊರಿನ ಇನ್ನೊಂದು ಬದಿ ಸಿದ್ಧಾರ್ಥನಗರದಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವಿದೆ. 1961ರಲ್ಲಿ ಶುರುವಾದದ್ದು, ಗಡಿಯ ಹಿಮದಲ್ಲಿ ನಿಂತ ಸೈನಿಕನಿಗೆ ಹಗುರಾದ, ಕೆಡದ ಊಟ ಕೊಡಲೆಂದು. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ಭಾರತೀಯ ತಿನಿಸುಗಳು ಸಿದ್ಧವಾದದ್ದು ಅಲ್ಲಿಯೇ. ಮೈಸೂರು ಪಾಕಿನ ಊರು ಎಂದು ನಾವು ಹೆಮ್ಮೆಪಡುತ್ತೇವಲ್ಲ, ಅಂತರಿಕ್ಷಕ್ಕೆ ಬುತ್ತಿ ಕಟ್ಟಿದ ಊರೂ ಇದೇ. ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಆ ಗೇಟುಗಳ ಮುಂದೆ ನೂರಾರು ಸಲ ಹಾದಿದ್ದೇನೆ. ಒಂದು ತುಂಡು ಬಾರು ಬೇಕಾಯಿತು ಅವುಗಳ ಬೆಲೆ ನನಗೆ ತಿಳಿಯಲು.

ಬುತ್ತಿಯ ಈ ಆಸೆ ಎಷ್ಟು ಹಳೆಯದು ಎಂದು ಹುಡುಕುತ್ತ ಹೋದರೆ ಕೊನೆಯೇ ಸಿಗುವುದಿಲ್ಲ. 1937ರಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಚಾಕೊಲೇಟು ತಯಾರಿಸುವ ಹರ್ಷಿ ಕಂಪನಿಗೆ ಹೋಗಿ ಒಂದು ವಿಚಿತ್ರ ಬೇಡಿಕೆ ಇಟ್ಟರು. ನಾಲ್ಕು ಔನ್ಸ್ ತೂಗಬೇಕು, ಶಕ್ತಿ ತುಂಬಿರಬೇಕು, ಬಿಸಿಲಿಗೆ ಕರಗಬಾರದು. ರುಚಿ ಮಾತ್ರ ಬೇಯಿಸಿದ ಆಲೂಗಡ್ಡೆಗಿಂತ ಒಂಚೂರು ವಾಸಿ ಇದ್ದರೆ ಸಾಕು. ತೀರ ರುಚಿಯಾದರೆ ಆಪತ್ತಿಗೆ ಮೊದಲೇ ಸೈನಿಕರು ತಿಂದು ಮುಗಿಸುತ್ತಾರಲ್ಲ! 600 ಕಿಲೋಕ್ಯಾಲರಿಯ ಆ ಗಟ್ಟಿ ತುಂಡಿನ ಮೇಲೆ, ಅರ್ಧ ಗಂಟೆ ನಿಧಾನವಾಗಿ ತಿನ್ನಿ ಎಂಬ ಸೂಚನೆ ಅಚ್ಚಾಗಿತ್ತು. ನನ್ನ ದಣಿದ ದವಡೆಗೆ ಆ ಸೂಚನೆ ಚೆನ್ನಾಗಿ ಅರ್ಥವಾಯಿತು. ಆಮೇಲೆ 1983ರಲ್ಲಿ ಕೆನಡಾದ ಮ್ಯಾರಥಾನ್ ಓಟಗಾರ ಬ್ರಯನ್ ಮ್ಯಾಕ್ಸ್‌ವೆಲ್ ಓಟದ ಕೊನೆಯ ಮೈಲುಗಳಲ್ಲಿ ಕಸುವೆಲ್ಲ ಇಂಗಿ ಕುಸಿದರು. ಓಡುವಾಗ ಹೊಟ್ಟೆಗೆ ಭಾರವಾಗದ ತಿನಿಸು ಬೇಕೆಂಬ ಹಟಕ್ಕೆ ಬಿದ್ದು ಮೂರು ವರ್ಷದಲ್ಲಿ ಪವರ್‌ಬಾರ್ ಮಾರುಕಟ್ಟೆಗೆ ತಂದರು. ಇಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಸಾಲಾಗಿ ನಿಂತಿರುವ ಬಾರುಗಳಿಗೆ ಅದೇ ಹಿರಿಯಣ್ಣ.

ಅದಕ್ಕೂ ಎಷ್ಟೋ ಹಿಂದೆ, ಉತ್ತರ ಅಮೆರಿಕದ ಕ್ರೀ ಜನ ಕಾಡುಕೋಣದ ಮಾಂಸವನ್ನು ಒಣಗಿಸಿ ಪುಡಿಮಾಡಿ, ಕಾಡುಹಣ್ಣು ಸೇರಿಸಿ, ಕರಗಿಸಿದ ಕೊಬ್ಬು ಸುರಿದು ಗಟ್ಟಿಮಾಡಿ ದೂರದ ಪ್ರಯಾಣಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹೆಸರು ಪೆಮಿಕನ್. ಕ್ರೀ ಭಾಷೆಯಲ್ಲಿ ಪಿಮೀ ಎಂದರೆ ಕೊಬ್ಬು. ಇದನ್ನು ಓದಿದವಳು ಎದ್ದು ನಿಂತುಬಿಟ್ಟೆ. ಅವರು ಮಾಂಸದ ಹೆಸರು ಇಡಲಿಲ್ಲ, ಹಣ್ಣಿನ ಹೆಸರು ಇಡಲಿಲ್ಲ. ಎಲ್ಲವನ್ನೂ ಹಿಡಿದಿಟ್ಟ ವಸ್ತು ಯಾವುದೋ ಅದರ ಹೆಸರು ಇಟ್ಟರು. ನಮ್ಮವರು ಮಾಡಿದ್ದೇನು? ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ತುಪ್ಪ ಇಷ್ಟೆಲ್ಲ ಹಾಕಿ ಮಾಡಿದ ತಿನಿಸನ್ನು ಗೋಕಾಕ, ಅಮೀನಗಡದ ಜನ ಏನೆಂದು ಕರೆದರು? ಕರದಂಟು! ಕರಿದ ಅಂಟು. ಗೋಡಂಬಿಗಿಲ್ಲದ ಗೌರವ ಅಂಟಿಗೆ. ಹಾಗಾದರೆ ಅವ್ವ ಕೇಳಿದ್ದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ.

ಸಂಜೆ ಪ್ರೆಸ್ಸಿನಿಂದ ಹೊರಡುವ ಮುಂಚೆ, ಮಡಚಿ ಪರ್ಸಿನಲ್ಲಿಟ್ಟಿದ್ದ ಹೊದಿಕೆಯನ್ನು ಮತ್ತೆ ಬಿಡಿಸಿದೆ. ನಮ್ಮ ದೇಶದಲ್ಲಿ ಲೇಬಲ್ಲಿನ ಮೇಲೆ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿದ್ದುದರಿಂದ ಕಡಿಮೆ ಇದ್ದುದಕ್ಕೆ ಇಳಿಯುತ್ತ ಬರೆಯಬೇಕೆಂಬ ನಿಯಮವಿದೆ. ಕೊನೆಕೊನೆಗೆ ಬರುವವು ಚಿಟಿಕೆಯಷ್ಟು ಇರುವಂಥವು, ಅಕ್ಷರವೂ ಸಾಸಿವೆಗಿಂತ ಸಣ್ಣದು. ಕೆರೆ ಏರಿಯ ಮೇಲೆ ನಾನು ಜೇನಿಗೇ ನಿಲ್ಲಿಸಿದ್ದೆ. ಕರಡು ತಿದ್ದುವವಳಾಗಿ ಕೊನೆಯ ಸಾಲು ಓದದೆ ಬಿಟ್ಟಿದ್ದೆ! ಭೂತಗನ್ನಡಿ ಹಿಡಿದೆ. ಐಎನ್‌ಎಸ್ 422, ಐಎನ್‌ಎಸ್ 322, ಐಎನ್‌ಎಸ್ 414. ಆಹಾರದಲ್ಲಿ ಬೆರೆಸುವ ಪದಾರ್ಥಗಳಿಗೆ ಜಗತ್ತೆಲ್ಲ ಒಪ್ಪಿಕೊಂಡ ಸಂಖ್ಯೆಗಳಿವು. ಹಿಂದೊಮ್ಮೆ ತಿದ್ದಿದ್ದ ಆಹಾರ ವಿಜ್ಞಾನದ ಪಠ್ಯವೊಂದರ ಕೊನೆಯಲ್ಲಿ ಈ ಸಂಖ್ಯೆಗಳ ಪಟ್ಟಿ ಇದ್ದದ್ದು ನೆನಪಿತ್ತು. ಕಪಾಟಿನಿಂದ ತೆಗೆದು ಬೆರಳು ಇಟ್ಟು ನೋಡುತ್ತ ಇಳಿದೆ. 422 ಗ್ಲಿಸರಾಲ್, ನೀರನ್ನು ಹಿಡಿದಿಟ್ಟು ಬಾರನ್ನು ಮೆತ್ತಗಿಡುವುದು. 322 ಲೆಸಿಥಿನ್, ಎಣ್ಣೆ ನೀರುಗಳನ್ನು ಹೊಂದಿಸುವುದು. 414?

ಅಕೇಶಿಯ ಗಮ್. ಜಾಲಿಮರದ ಅಂಟು.

ಕೈಯಲ್ಲಿದ್ದ ಪೆನ್ಸಿಲ್ಲು ಕೆಳಗೆ ಬಿತ್ತು. ಇದೆ! ಅವ್ವಾ, ಅಂಟು ಇದೆ!

ಸಹಾರಾ ಮರಳುಗಾಡಿನ ದಕ್ಷಿಣದ ಅಂಚಿನಲ್ಲಿ ಆಫ್ರಿಕದ ಅಡ್ಡಗಲಕ್ಕೆ ಒಣ ಮುಳ್ಳುಕಾಡಿನ ಒಂದು ಪಟ್ಟಿ ಹಬ್ಬಿದೆ. ಅಲ್ಲಿನ ಜಾಲಿ ಜಾತಿಯ ಮರದ ತೊಗಟೆಯನ್ನು ಮಳೆಗಾಲ ಮುಗಿದ ಮೇಲೆ ಕೆತ್ತುತ್ತಾರೆ. ಗಾಯದಿಂದ ಮರ ಅಂಟು ಸುರಿಸುತ್ತದೆ, ಅದು ಗಾಳಿಗೆ ಒಣಗಿ ಜೇನಿನ ಬಣ್ಣದ ಗುಂಡುಗಳಾಗುತ್ತದೆ, ಜನ ಕೈಯಿಂದಲೇ ಬಿಡಿಸಿ ತರುತ್ತಾರೆ. ಜಗತ್ತಿಗೆ ಇದನ್ನು ಎಲ್ಲರಿಗಿಂತ ಹೆಚ್ಚು ಕೊಡುವ ದೇಶ ಸುಡಾನ್. ನೀರಿನಲ್ಲಿ ಸಾಕಷ್ಟು ಕರಗಿಸಿದರೂ ಬೇಗ ಲೋಳೆಯಾಗಿ ಗಟ್ಟಿಯಾಗದೆ ತೆಳ್ಳಗೇ ಇರುವುದು ಇದರ ದೊಡ್ಡ ಗುಣ; ಕಾಳಿನ ಮೇಲೆ ನವಿರಾಗಿ ಹರಡಿ, ಒಣಗಿ, ಒಂದನ್ನೊಂದು ಕಚ್ಚಿ ಹಿಡಿಸುತ್ತದೆ. ನಾವು ನೆಕ್ಕಿ ಅಂಟಿಸುತ್ತಿದ್ದ ಅಂಚೆಚೀಟಿಗಳ ಹಿಂದೆ ಇದ್ದದ್ದು, ಚಿತ್ರಕಾರರ ಜಲವರ್ಣದಲ್ಲಿ ಬಣ್ಣವನ್ನು ಕಾಗದಕ್ಕೆ ಹಿಡಿಸುವುದು ಇದೇ ಅಂಟು. ಅಕ್ಷರಗಳ ನಡುವೆ ಬದುಕುವ ನನಗೆ ಇನ್ನೊಂದು ರೋಮಾಂಚನ: ಹಳೆಯ ಕಾಲದ ಮಸಿಯಲ್ಲಿ ಕಾಡಿಗೆ ಕಾಗದಕ್ಕೆ ಕೂರಲು ಬೆರೆಸುತ್ತಿದ್ದದ್ದೂ ಇದನ್ನೇ. ನಮ್ಮ ಸಣ್ಣ ಕರುಳಿಗೆ ಇದು ಜೀರ್ಣವಾಗುವುದಿಲ್ಲ. ನಾರಾಗಿ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹೊದಿಕೆಯ ಮೇಲಿನ 6 ಗ್ರಾಂ ನಾರಿನಲ್ಲಿ ಇದರದೂ ಪಾಲಿದೆ.

ನಮ್ಮ ಕಡೆ ಕರಿಜಾಲಿಯಂಥ ಮರಗಳ ಅಂಟು ಅದೇ ಬಳಗದ್ದು. ಆದರೆ ನಮ್ಮವರು ಅದನ್ನು ಕರಗಿಸುವುದಿಲ್ಲ, ಕರಿಯುತ್ತಾರೆ. ಕಾದ ತುಪ್ಪಕ್ಕೆ ಬಿದ್ದ ಅಂಟಿನ ಹರಳು, ಒಳಗಿನ ತೇವ ಆವಿಯಾಗಿ ಒತ್ತಿದ ಕೂಡಲೇ, ಬೆಳ್ಳಗೆ ಅರಳಿ ಹಲವು ಪಟ್ಟು ಉಬ್ಬುತ್ತದೆ. ಬಾಣಂತಿಯರಿಗೆ ಅಂಟಿನುಂಡೆ ಮಾಡುವ ದಿನ ನಮ್ಮ ಮನೆಯ ಮಕ್ಕಳೆಲ್ಲ ಒಲೆಯ ಸುತ್ತ ಸೇರುತ್ತಿದ್ದದ್ದು ಆ ಅರಳುವುದನ್ನು ನೋಡಲಿಕ್ಕೆಂದೇ.

ಅಲ್ಲಿಂದಲೇ ಫೋನು ಮಾಡಿದೆ. "ಅವ್ವಾ, ಅಂಟು ಹಾಕ್ಯಾರಬೇ! ನಂಬರ್ ಬರದಾರ, ಅದಕ್ಕ ನನಗ ಗೊತ್ತಾಗ್ಲಿಲ್ಲ."

ಆ ಕಡೆಯಿಂದ ಅವ್ವನ ದನಿ ಒಂದಿಷ್ಟೂ ಏರಲಿಲ್ಲ. "ಹಾಕಿರಬೇಕಲ್ಲವಾ ಮತ್ತ."

ಊಟದ ಮಾತಿಗೆ ಬರುತ್ತೇನೆ. ಮೂರು ಗಂಟೆಗೆ ಅಕ್ಷರಗಳು ತೇಲಲಿಲ್ಲ. ಹದಿನಾರು ಪುಟದ ಒಂದು ಫಾರಂ ಒಂದೇ ಬಿಗಿಯಲ್ಲಿ ತಿದ್ದಿ ಮುಗಿಸಿದೆ. ನಾಲ್ಕೂಕಾಲಕ್ಕೆ ಹಸಿವು ಬಂತು, ಸ್ಪಷ್ಟವಾಗಿ ಬಂತು. 215 ಕಿಲೋಕ್ಯಾಲರಿಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸುವ ಶಕ್ತಿ ಇರಲಾರದು. ಹೊಟ್ಟೆಯ ಗೋಡೆ ಒಂದಿಷ್ಟು ಹಿಗ್ಗಿದರೇ ನಮಗೆ ಉಂಡ ತೃಪ್ತಿ. 50 ಗ್ರಾಂ ತುಂಡಿಗೆ ಹಿಗ್ಗಿಸುವ ಗಾತ್ರವಿಲ್ಲ, ಅದರ ನೀರನ್ನು ನಾವೇ ಹಿಂತಿರುಗಿ ಕೊಡಬೇಕು. ಆ ಮಜ್ಜಿಗೆ ಇಲ್ಲದಿದ್ದರೆ ಎರಡೂವರೆಗೇ ಎದ್ದು ಬೇಕರಿಗೆ ಹೋಗುತ್ತಿದ್ದೆನೇನೋ. ತರಕಾರಿಯ, ಹಣ್ಣಿನ ಜೀವಸತ್ವವನ್ನೂ ಬಾರು ತಂದುಕೊಡುವುದಿಲ್ಲ. ಅದಕ್ಕೇ ಮರುವಾರದಿಂದ ನನ್ನ ಗುರುವಾರದ ಲಘು ಊಟ ಹೀಗೆ ನಿಂತಿದೆ: ಒಂದು ಬಾರು, ದೊಡ್ಡ ಲೋಟ ಮಜ್ಜಿಗೆ, ಕೆರೆ ಗೇಟಿನ ಹತ್ತಿರ ಮಾರುವ ಒಂದು ಸೀಬೆಹಣ್ಣು. ಸೀಬೆಯ 100 ಗ್ರಾಂನಲ್ಲಿ ಸಿ ಜೀವಸತ್ವ 200 ಮಿಲಿಗ್ರಾಂ ಮುಟ್ಟುತ್ತದೆ, ದಿನದ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ವಾರದ ಉಳಿದ ದಿನಗಳಲ್ಲಿ ಸಾರನ್ನವೇ.

ಹದಿನೈದು ದಿನದ ಮೇಲೆ ಗೋಕಾಕದಿಂದ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಕರದಂಟು. ಅವ್ವ ತನ್ನ ಕೈಯಾರೆ ಕೊಯ್ದ ತುಂಡುಗಳು. ಒಂದನ್ನು ತಕ್ಕಡಿಯ ಮೇಲಿಟ್ಟೆ: 48 ಗ್ರಾಂ. ಆ ಗುರುವಾರ ಬಾರಿನ ಬದಲು ಅದನ್ನೇ ಕೆರೆ ಏರಿಗೆ ಒಯ್ದೆ.

ನಿಮ್ಮ ಕೈಗೂ ಇಂಥದೊಂದು ಬಾರು ಬಂದರೆ ಹೊದಿಕೆಯನ್ನು ಕೂಡಲೇ ಎಸೆಯಬೇಡಿ. ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಯ ಸಾಲಿನವರೆಗೂ ಓದಿ. 414 ಕಂಡರೆ ಊರಿಗೊಂದು ಫೋನು ಮಾಡಿ, ಅಂಟು ಹಾಕಿದ್ದಾರೆ ಎಂದು ಹೇಳಿ.